ಮನೆ ಕೊಟ್ಟು ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತಾರೆ. 2010ರಲ್ಲಿ ಅಮೆರಿಕದ ವಸತಿ ಇಲಾಖೆ ‘ಮನೆ ಕೊಟ್ಟು ನೋಡೋಣ’ ಎಂದು ಹೊರಟಿತು. ಸುಮ್ನೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕೊಟ್ಟ ಮೇಲೆ ಏನಾಯಿತು ಎಂದು ಮೂರು ವರ್ಷ ಲೆಕ್ಕವನ್ನೂ ಇಟ್ಟಿತು.

ಇದರ ಹಿಂದೆ ಒಂದು ಹಳೆಯ ಜಗಳ ಇತ್ತು. ಮಕ್ಕಳನ್ನು ಕಟ್ಟಿಕೊಂಡು ಶೆಲ್ಟರ್, ಅಂದರೆ ಮನೆಯಿಲ್ಲದವರ ತಾತ್ಕಾಲಿಕ ತಂಗುದಾಣದ ಬಾಗಿಲಿಗೆ ಬಂದ ತಾಯಿಗೆ ಮೊದಲು ಏನು ಕೊಡಬೇಕು? ಕೆಲವರ ಪ್ರಕಾರ ಇವರದು ಬರೀ ಬಡತನ ಅಲ್ಲ. ಖಿನ್ನತೆ, ಕುಡಿತ, ಸಂಗಾತಿಯ ಹೊಡೆತ, ಕೆಲಸ ಇಲ್ಲದ್ದು, ಇವನ್ನೆಲ್ಲ ಮೊದಲು ಸರಿಪಡಿಸಬೇಕು. ಇಲ್ಲದಿದ್ದರೆ ಮನೆ ಕೊಟ್ಟರೂ ಮತ್ತೆ ಬೀದಿಗೇ ಬರುತ್ತಾರೆ. ಇನ್ನು ಕೆಲವರ ಪ್ರಕಾರ ಬಾಡಿಗೆಗೆ ದುಡ್ಡಿಲ್ಲದ್ದೇ ಮೂಲ ಕಾಯಿಲೆ. ಎರಡೂ ಕಡೆಯವರ ಹತ್ತಿರ ಬೇಕಾದಷ್ಟು ಕಥೆಗಳಿದ್ದವು. ಪುರಾವೆ ಮಾತ್ರ ಕಮ್ಮಿ.

ಹೊಸ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಹೇಗೆ ನೋಡುತ್ತಾರೆ? ಯಾರಿಗೆ ಯಾವ ಔಷಧಿ ಅನ್ನುವುದನ್ನು ಡಾಕ್ಟರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಇಲ್ಲೂ ಅದನ್ನೇ ಮಾಡಿದರು. ಬಾಸ್ಟನ್, ಅಟ್ಲಾಂಟಾ, ಡೆನ್ವರ್, ಹೊನೊಲುಲು ಸೇರಿ 12 ಕಡೆ, ಶೆಲ್ಟರಿನಲ್ಲಿ ಕನಿಷ್ಠ 7 ದಿನ ಕಳೆದಿದ್ದ 2,282 ಕುಟುಂಬಗಳನ್ನು ಆರಿಸಿದರು. ಹೆಚ್ಚಿನವು ಮೂವತ್ತರ ಆಸುಪಾಸಿನ ಒಬ್ಬ ತಾಯಿ, ಒಂದೋ ಎರಡೋ ಮಕ್ಕಳು ಇದ್ದ ಕುಟುಂಬಗಳು. ಬಡವರ ಪಾಲನ್ನು ಲಾಟರಿಯಲ್ಲಿ ಹಂಚುವುದು ಕ್ರೂರ ಅನ್ನಿಸಬಹುದು. ಆದರೆ ಎಲ್ಲರಿಗೂ ಸಾಲುವಷ್ಟು ನೆರವು ಮೊದಲೇ ಇರಲಿಲ್ಲ. ವಶೀಲಿಗಿಂತ ಲಾಟರಿ ವಾಸಿ, ಅಲ್ವಾ?

ಗುಂಪುಗಳು ನಾಲ್ಕು. ಮೊದಲನೆಯದಕ್ಕೆ ಬಾಡಿಗೆ ವೋಚರ್. ಕುಟುಂಬ ಮಾಮೂಲಿ ಬಾಡಿಗೆ ಮನೆಯನ್ನು ತಾನೇ ಹುಡುಕಿಕೊಳ್ಳಬೇಕು. ತನ್ನ ಆದಾಯದ ಸುಮಾರು 30 ಶೇಕಡಾ ಬಾಡಿಗೆಗೆ ಕೊಡಬೇಕು. ಉಳಿದದ್ದು ಸರ್ಕಾರದ ಲೆಕ್ಕಕ್ಕೆ, ಅದಕ್ಕೆ ಕೊನೆಯ ದಿನ ಅಂತ ಇಲ್ಲ. ಎರಡನೆಯದಕ್ಕೂ ಬಾಡಿಗೆ ನೆರವೇ, ಆದರೆ ಹೆಚ್ಚೆಂದರೆ 18 ತಿಂಗಳು. ಮೂರನೆಯದಕ್ಕೆ 24 ತಿಂಗಳವರೆಗೆ ತಾತ್ಕಾಲಿಕ ವಸತಿ, ಜೊತೆಗೆ ಆಪ್ತಸಲಹೆ, ತರಬೇತಿ, ಮೇಲ್ವಿಚಾರಣೆ. ‘ಮೊದಲು ಜನರನ್ನು ಸರಿಪಡಿಸಿ’ ಅನ್ನುವವರ ಮೆಚ್ಚಿನ ಗುಂಪು ಇದೇ. ನಾಲ್ಕನೆಯವರು ಎಂದಿನಂತೆ ಶೆಲ್ಟರಿನಲ್ಲಿದ್ದುಕೊಂಡು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು.

ಮೊದಲ ಫಲಿತಾಂಶ 2015ರಲ್ಲಿ ಬಂತು, ಮೂರು ವರ್ಷದ್ದು 2016ರಲ್ಲಿ. ನಾಲ್ಕನೇ ಗುಂಪಿಗೆ ಹೋಲಿಸಿದರೆ ವೋಚರ್ ಸಿಕ್ಕವರು ಮತ್ತೆ ಮನೆ ಕಳೆದುಕೊಳ್ಳುವುದು ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಇದರಲ್ಲೇನು ಆಶ್ಚರ್ಯ, ಮನೆ ಕೊಟ್ಟರೆ ಮನೆ ಇರುತ್ತದೆ ಅನ್ನುತ್ತೀರಿ. ಸರಿ. ಆದರೆ ಯಾರೂ ಕೈ ಹಾಕದ ವಿಷಯಗಳೂ ಬದಲಾಗಿದ್ದವು. ಸಂಗಾತಿಯಿಂದ ಹೊಡೆತ ತಿನ್ನುವುದು ಮೊದಲ 20 ತಿಂಗಳಲ್ಲೇ ಅರ್ಧದಷ್ಟು ಕಮ್ಮಿಯಾಗಿತ್ತು. ತಾಯಂದಿರ ಮನಸ್ಸಿನ ಸಂಕಟ ತಗ್ಗಿತ್ತು. ಮಕ್ಕಳು ತಾಯಿಯಿಂದ ದೂರವಾಗಿ ಇನ್ನೆಲ್ಲೋ ಬೆಳೆಯಬೇಕಾಗಿ ಬರುವುದು ಇಳಿದಿತ್ತು. ಪದೇ ಪದೇ ಶಾಲೆ ಬದಲಿಸುವುದೂ ಕಮ್ಮಿ, ಊಟಕ್ಕೆ ಪರದಾಡುವುದೂ ಕಮ್ಮಿ.

ನೆನಪಿಡಿ, ಈ ಗುಂಪಿಗೆ ಆಪ್ತಸಲಹೆ ಕಡ್ಡಾಯ ಇರಲಿಲ್ಲ. ಸಲಹೆ, ತರಬೇತಿ ಎಲ್ಲ ಇದ್ದದ್ದು ಮೂರನೇ ಗುಂಪಿಗೆ. ಅಲ್ಲಿ ಕುಟುಂಬಗಳ ಯೋಗಕ್ಷೇಮದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅಷ್ಟೇ ಅಲ್ಲ, ಆ ವಸತಿ ಸಿಕ್ಕವರಲ್ಲಿ ಸುಮಾರು ಅರ್ಧದಷ್ಟು ಜನ ಅಲ್ಲಿಗೆ ಹೋಗಲೇ ಇಲ್ಲ. ಅದರ ನಿಯಮಗಳ ಜರಡಿಯಲ್ಲಿ ಕೆಲವರು ನಿಲ್ಲಲಿಲ್ಲ, ಕೆಲವರಿಗೆ ಅದು ಬೇಡವೇ ಆಗಿತ್ತು.

ಹೊಡೆತ ಯಾಕೆ ಕಮ್ಮಿಯಾಯಿತು? ನನ್ನ ಊಹೆ ಸರಳ. ಬಾಗಿಲ ಬೀಗದಕೈ ಅವಳ ಕೈಯಲ್ಲಿದ್ದರೆ, ಹೊಡೆಯುವವನ ಸೂರಿನಡಿ ಬಿದ್ದಿರುವ ಅಗತ್ಯ ಬೀಳುವುದಿಲ್ಲ.

ಇನ್ನು ಖರ್ಚು. ಒಂದು ಕುಟುಂಬವನ್ನು ಶೆಲ್ಟರಿನಲ್ಲಿ ಇಡಲು ತಿಂಗಳಿಗೆ ಸುಮಾರು 4,800 ಡಾಲರ್ ಬೀಳುತ್ತಿತ್ತು. ವೋಚರಿಗೆ ಸುಮಾರು 1,160. ಒಂದೇ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುವುದಕ್ಕೆ ಇಷ್ಟು ದುಡ್ಡೇ ಎಂದು ಮೊದಲ ಸಲ ಓದಿದಾಗ ನನಗೂ ನಂಬಿಕೆ ಬರಲಿಲ್ಲ. ಆದರೆ ಅಲ್ಲಿ ಹಗಲೂ ರಾತ್ರಿ ಸಿಬ್ಬಂದಿ ಬೇಕು, ಕಟ್ಟಡದ ನಿರ್ವಹಣೆ ಬೇಕು, ಸೇವೆಗಳು ಬೇಕು. ಹಾಗಂತ ವೋಚರಿನಿಂದ ಸರ್ಕಾರಕ್ಕೆ ದುಡ್ಡು ಉಳಿಯಿತು ಎಂದರೆ ತಪ್ಪು. ಶೆಲ್ಟರಿನವರು ಅಲ್ಲಿ ಒಂದಷ್ಟು ದಿನ ಇದ್ದು ಹೊರಡುತ್ತಾರೆ, ವೋಚರ್ ತಿಂಗಳು ತಿಂಗಳೂ ನಡೆಯುತ್ತಲೇ ಇರುತ್ತದೆ. ಹೀಗಾಗಿ ಮೂರು ವರ್ಷದ ಒಟ್ಟು ಲೆಕ್ಕದಲ್ಲಿ ವೋಚರ್ ಗುಂಪಿನ ಖರ್ಚು ನಾಲ್ಕನೇ ಗುಂಪಿಗಿಂತ ಸುಮಾರು 9 ಶೇಕಡಾ ಜಾಸ್ತಿಯೇ ಆಯಿತು. ದುಡಿಮೆಯೂ ಸ್ವಲ್ಪ ತಗ್ಗಿತು. ವಿರೋಧಿಗಳು ಎತ್ತಿ ತೋರಿಸುವುದು ಇವೆರಡನ್ನೇ. ಅಂಕಿ ಅವರದೂ ಸುಳ್ಳಲ್ಲ. ನನಗಂತೂ ಆ 9 ಶೇಕಡಾಕ್ಕೆ ಸಿಕ್ಕಿದ್ದು ತುಂಬಾ ಅಗ್ಗ ಅನ್ನಿಸುತ್ತದೆ.

18 ತಿಂಗಳ ನೆರವಿನ ಗುಂಪು? ಖರ್ಚು ಎಲ್ಲಕ್ಕಿಂತ ಕಮ್ಮಿ, ಆದರೆ ಪರಿಣಾಮ ನಾಲ್ಕನೇ ಗುಂಪಿನಷ್ಟೇ.

ಇಷ್ಟಾದರೂ ವೋಚರ್ ಅನ್ನುವುದು ನಮ್ಮ ರೇಷನ್ ಕಾರ್ಡ್ ಇದ್ದ ಹಾಗೆ ಅಂದುಕೊಳ್ಳಬೇಡಿ. ಅರ್ಹತೆ ಇದ್ದ ಮಾತ್ರಕ್ಕೆ ಸಿಗುವುದಿಲ್ಲ. ಅಮೆರಿಕದಲ್ಲಿ ಬಾಡಿಗೆ ನೆರವಿಗೆ ಅರ್ಹರಾದ ಪ್ರತಿ ನಾಲ್ಕು ಕುಟುಂಬಗಳಲ್ಲಿ ಅದು ಸಿಗುವುದು ಸುಮಾರು ಒಂದಕ್ಕೆ. ಉಳಿದವರು ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. 2024ರ ಜನವರಿಯ ಒಂದು ರಾತ್ರಿ ಅಲ್ಲಿ ತಲೆ ಎಣಿಸಿದಾಗ, ಮನೆಯಿಲ್ಲದ ಕುಟುಂಬಗಳಲ್ಲಿ ಸುಮಾರು 2,60,000 ಜನ ಸಿಕ್ಕರು. ಹಿಂದಿನ ವರ್ಷಕ್ಕಿಂತ 39 ಶೇಕಡಾ ಜಾಸ್ತಿ.