ಪುಣ್ಯಕೋಟಿ ಹಾಡಿನ ಮೌಲ್ಯ ಸತ್ಯ ಅಂತ ಹೇಗೆ ಗೊತ್ತಾಯ್ತು?

ಓದುಗರ ಪ್ರಶ್ನೆ: ‘ಈ ಪಾಠದ ಮೌಲ್ಯ ಇದು, ಈ ಕವಿತೆಯ ಆಶಯ ಅದು ಅಂತ ವಿದ್ವಾಂಸರು ಬರೆಯುತ್ತಾರೆ. ಅದನ್ನು ಅವರು ಕಂಡುಹಿಡಿಯುವುದು ಹೇಗೆ? ಕೊನೆಗೆ ಅದು ಅವರವರ ಅಭಿಪ್ರಾಯ ತಾನೇ?’

ಈ ಪ್ರಶ್ನೆಯನ್ನು ಬಿ.ಎಡ್. ಓದುವವರು ಕೇಳುತ್ತಾರೆ, ಎಂ.ಎ. ಪ್ರಾಜೆಕ್ಟ್ ಮಾಡುವವರು ಕೇಳುತ್ತಾರೆ, ಮಕ್ಕಳಿಗೆ ಹೋಂವರ್ಕ್ ಮಾಡಿಸುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ನೋಟ್ಸಿನಲ್ಲಿ ‘ಸತ್ಯವೇ ಈ ಪದ್ಯದ ಮೌಲ್ಯ’ ಅಂತ ಒಂದು ಸಾಲು ಇರುತ್ತದೆ. ಅದು ಎಲ್ಲಿಂದ ಬಂತು ಅಂತ ಯಾರೂ ಹೇಳುವುದಿಲ್ಲ.

ಅಭಿಪ್ರಾಯ ಇದ್ದೇ ಇರುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಬರೀ ಅಭಿಪ್ರಾಯಕ್ಕೂ ಅಧ್ಯಯನಕ್ಕೂ ಒಂದು ವ್ಯತ್ಯಾಸ ಇದೆ. ಯಾವ ಸಾಲಿನಿಂದ ಹೊರಟು ಈ ಮಾತಿಗೆ ಬಂದೆ ಅಂತ ಅಧ್ಯಯನ ಮಾಡಿದವರು ತೋರಿಸಬೇಕು. ಇನ್ನೊಬ್ಬರು ಅದೇ ಸಾಲು ಹಿಡಿದು ‘ಇಲ್ಲಿ ನೀವು ಹೇಳಿದ್ದು ಸರಿ ಹೋಗಲ್ಲ’ ಅನ್ನುವುದಕ್ಕೆ ಅವಕಾಶ ಇರಬೇಕು. ಇದಕ್ಕೆ ಹಲವು ಪದ್ಧತಿಗಳಿವೆ. ಎಲ್ಲವನ್ನೂ ಪಟ್ಟಿ ಮಾಡುವ ಬದಲು ಒಂದೇ ಹಾಡನ್ನು ಇಟ್ಟುಕೊಂಡು ನೋಡೋಣ. ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ನಾಲ್ಕು ಸಾಲಾದರೂ ಬಾಯಿಗೆ ಬರುವ ಗೋವಿನ ಹಾಡು.

ಎಲ್ಲಕ್ಕಿಂತ ಸರಳವಾದದ್ದು ಎಣಿಸುವುದು. ಯಾವ ಪದ, ಯಾವ ವಿಷಯ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಹಾಕುವುದು. ಸಮಾಜ ವಿಜ್ಞಾನದವರು ಇದನ್ನು ಕಂಟೆಂಟ್ ಅನಾಲಿಸಿಸ್ ಅನ್ನುತ್ತಾರೆ. ಬರಹದಲ್ಲಿ ಮೇಲ್ನೋಟಕ್ಕೆ ಕಾಣುವುದನ್ನು ವ್ಯವಸ್ಥಿತವಾಗಿ, ಅಂಕಿಗಳಲ್ಲಿ ವಿವರಿಸಬೇಕು ಅಂತ 1952ರಲ್ಲಿ ಅಮೆರಿಕದ ಬರ್ನಾರ್ಡ್ ಬೆರೆಲ್ಸನ್ ಇದಕ್ಕೊಂದು ಚೌಕಟ್ಟು ಕಟ್ಟಿಕೊಟ್ಟರು.

ನಮ್ಮ ಹಾಡನ್ನು ಎಣಿಸಿ ನೋಡಿ. ‘ಸತ್ಯ’ ಅನ್ನುವ ಪದ ಆ ಪ್ರಸಿದ್ಧ ಪದ್ಯದಲ್ಲಿ ಮೂರು ಸಲ ಬರುತ್ತದೆ. ಅದರಾಚೆ ಕಂದ, ಕರು, ಅಮ್ಮ, ತಬ್ಬಲಿ, ಮೊಲೆ, ಅಕ್ಕಗಳಿರಾ, ಒಡಹುಟ್ಟುಗಳಿರಾ, ಇವೇ ಮತ್ತೆ ಮತ್ತೆ. ಎಣಿಕೆಯನ್ನೇ ನಂಬಿದರೆ ಇದು ತಾಯಿ ಮಗುವಿನ ಹಾಡು. ಸತ್ಯ ಎಲ್ಲೋ ಮಧ್ಯದಲ್ಲಿ ಬಂದು ಹೋಗುತ್ತದೆ.

ಹಾಗಾದರೆ ನೋಟ್ಸಿನ ಸಾಲು ಸುಳ್ಳಾ? ಅವಸರ ಬೇಡ. ‘ಕೊಟ್ಟ ಭಾಷೆಗೆ ತಪ್ಪಲಾರೆನು’ ಅನ್ನುವ ಸಾಲಿನಲ್ಲಿ ಸತ್ಯ ಅನ್ನುವ ಪದವೇ ಇಲ್ಲ, ಆದರೆ ಅದು ಸತ್ಯದ ಮಾತೇ. ಬರೀ ಪದ ಹುಡುಕುವ ಸಾಫ್ಟ್‌ವೇರ್ ಅದನ್ನು ದಾಟಿಕೊಂಡು ಹೋಗುತ್ತದೆ. ಇನ್ನೂ ದೊಡ್ಡ ತೊಡಕು ಪಕ್ಕದಲ್ಲೇ ಇದೆ. ಕರು ಕೇಳುತ್ತದೆ: ಅಮ್ಮ ನೀನು ಯಾಕೆ ಸಾಯಬೇಕು, ಸುಮ್ನೆ ಇಲ್ಲೇ ಇದ್ದುಬಿಡು. ಅದಕ್ಕೆ ಪುಣ್ಯಕೋಟಿ ಕೊಡುವ ಉತ್ತರ ‘ಸತ್ಯವೇ ನಮ್ಮ ತಾಯಿ ತಂದೆ, ಸತ್ಯವೇ ನಮ್ಮ ಬಂಧು ಬಳಗ’. ಇನ್ನೇನು ತಾಯಿಯನ್ನು ಕಳೆದುಕೊಳ್ಳಲಿರುವ ಮಗುವಿಗೆ, ತಾಯಿಯೇ ‘ನಮಗೆ ತಾಯಿ ಅಂದರೆ ಸತ್ಯ’ ಅನ್ನುತ್ತಾಳೆ. ಎಣಿಸುವವರು ಈ ಸಾಲಿನ ‘ತಾಯಿ’, ‘ತಂದೆ’, ‘ಬಂಧು’ ಎಲ್ಲವನ್ನೂ ಕುಟುಂಬದ ಖಾತೆಗೆ ಹಾಕುತ್ತಾರೆ. ಇಲ್ಲಿ ಆ ಪದಗಳು ಕೆಲಸ ಮಾಡುತ್ತಿರುವುದು ಸತ್ಯದ ಪರವಾಗಿ, ಕುಟುಂಬವನ್ನು ಬಿಟ್ಟು ಹೋಗುವುದಕ್ಕೆ ಕಾರಣವಾಗಿ.

ಇದು ಹಳೆಯ ಜಗಳ. 18ನೇ ಶತಮಾನದ ಸ್ವೀಡನ್ನಿನಲ್ಲಿ ‘ಜಿಯೋನಿನ ಹಾಡುಗಳು’ ಅನ್ನುವ 90 ಭಕ್ತಿಗೀತೆಗಳ ಸಂಗ್ರಹವೊಂದು ಸರ್ಕಾರದ ಸೆನ್ಸಾರ್ ದಾಟಿ ಜನರ ನಡುವೆ ಹರಡಿತು. ಅಧಿಕೃತ ಚರ್ಚಿನ ಪಂಡಿತರಿಗೆ ಸಿಟ್ಟು ಬಂತು, ಇದರಲ್ಲಿ ಅಡ್ಡದಾರಿಯ ನಂಬಿಕೆ ಇದೆ ಅಂದರು. ಆಗ ಒಂದು ಪಕ್ಷದವರು ಹಾಡುಗಳಲ್ಲಿ ಬರುವ ಧಾರ್ಮಿಕ ಸಂಕೇತಗಳನ್ನು ಎಣಿಸಿ, ಚರ್ಚಿನ ಅಧಿಕೃತ ಹಾಡಿನ ಪುಸ್ತಕದ ಜೊತೆ ಹೋಲಿಸಿದರು. ಅಂಥ ವ್ಯತ್ಯಾಸವೇನೂ ಸಿಗಲಿಲ್ಲ. ಸುಮ್ಮನಾಗದ ಎದುರು ಪಕ್ಷ, ಪದಗಳು ಅವೇ ಇರಬಹುದು, ಆದರೆ ಯಾವುದರ ಜೊತೆ ಕೂತು ಏನು ಹೇಳುತ್ತಿವೆ ನೋಡಿ ಅಂದಿತು. ಕಂಟೆಂಟ್ ಅನಾಲಿಸಿಸ್‌ನ ಇತಿಹಾಸ ಬರೆಯುವವರು ಈ ಪ್ರಸಂಗವನ್ನು ತಪ್ಪದೆ ನೆನೆಯುತ್ತಾರೆ. ಎಣಿಸಿದ್ದು, ಎಣಿಕೆ ಸಾಲದು ಅಂತ ಕಂಡುಕೊಂಡಿದ್ದು, ಎರಡೂ ಒಂದೇ ಜಗಳದಲ್ಲಿ ಆಯಿತು.

ಎಣಿಕೆಯನ್ನು ಕಸ ಅಂತ ತಳ್ಳಿಹಾಕುವವರಲ್ಲಿ ನಾನಿಲ್ಲ. ಹೋಲಿಕೆಗೆ ಅದು ಚೆನ್ನಾಗಿ ಒದಗುತ್ತದೆ. ಮಿಲ್ಟನ್ ರೋಕೀಚ್ ಅನ್ನುವ ಮನಶ್ಶಾಸ್ತ್ರಜ್ಞ ರಾಜಕೀಯ ಬರಹಗಳಿಂದ 25,000 ಪದಗಳಷ್ಟು ಮಾದರಿಗಳನ್ನು ಆರಿಸಿ, ಅವುಗಳಲ್ಲಿ ಯಾವ ಮೌಲ್ಯ ಎಷ್ಟು ಬರುತ್ತದೆ ಅಂತ ನೋಡಿದರು. 1973ರ ಅವರ ಪುಸ್ತಕದಲ್ಲಿ ಫಲಿತಾಂಶ ಇದೆ. ಸಮಾಜವಾದಿ ಲೇಖಕರಲ್ಲಿ ಸ್ವಾತಂತ್ರ್ಯ, ಸಮಾನತೆ ಎರಡೂ ಮೇಲೆ. ಹಿಟ್ಲರನಲ್ಲಿ ಎರಡೂ ತಳದಲ್ಲಿ. ಲೆನಿನ್‌ನಲ್ಲಿ ಸಮಾನತೆ ಮೇಲೆ, ಸ್ವಾತಂತ್ರ್ಯ ಕೆಳಗೆ. ಅಮೆರಿಕದ ಬಲಪಂಥೀಯ ನಾಯಕ ಗೋಲ್ಡ್‌ವಾಟರ್‌ನಲ್ಲಿ ಅದರ ತಿರುಗುಮುರುಗು. ಒಂದೇ ಬರಹದ ಬಗ್ಗೆ ಎಣಿಕೆ ಹೆಚ್ಚೇನೂ ಹೇಳದೆ ಹೋಗಬಹುದು. ನಾಲ್ಕನ್ನು ಪಕ್ಕಪಕ್ಕ ಇಟ್ಟಾಗ ಒಂದು ಚಿತ್ರ ಮೂಡುತ್ತದೆ.

ಇನ್ನು ನಮ್ಮವರ ಪದ್ಧತಿಗೆ ಬರೋಣ. ನನಗೆ ಇದೇ ಜಾಸ್ತಿ ಇಷ್ಟ. ವೇದ, ಉಪನಿಷತ್ತಿನ ಭಾಗವೊಂದು ನಿಜಕ್ಕೂ ಏನು ಹೇಳಲು ಹೊರಟಿದೆ ಅಂತ ತೀರ್ಮಾನಿಸಲು ಮೀಮಾಂಸಕರೂ ವೇದಾಂತಿಗಳೂ ಆರು ಗುರುತುಗಳನ್ನು ಬಳಸಿದರು. ಮೊದಲು ಮತ್ತು ಕೊನೆ ಒಂದಕ್ಕೊಂದು ಹೊಂದುತ್ತವೆಯೇ, ಯಾವುದನ್ನು ಮತ್ತೆ ಮತ್ತೆ ಹೇಳಿದೆ, ಬೇರೆ ಕಡೆ ಸಿಗದ ಹೊಸದೇನಿದೆ, ಕೊನೆಗೆ ಫಲ ಏನು, ಯಾವುದನ್ನು ಹೊಗಳಿದೆ ಅಥವಾ ತೆಗಳಿದೆ, ಯಾವ ಯುಕ್ತಿ ಕೊಟ್ಟಿದೆ. ಶಾಸ್ತ್ರದ ಹೆಸರುಗಳಲ್ಲಿ ಉಪಕ್ರಮ ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ.

ಇದನ್ನು ಗೋವಿನ ಹಾಡಿಗೆ ಹಚ್ಚಿ ನೋಡಿ. ಹಾಡು ಶುರುವಾಗುವುದು ಹಸುವಿನಿಂದಲ್ಲ, ಹುಲಿಯಿಂದಲೂ ಅಲ್ಲ. ಕರ್ಣಾಟ ದೇಶದಲ್ಲಿದ್ದ ಕಾಳಿಂಗನೆಂಬ ಗೊಲ್ಲನಿಂದ. ಹಾಡಿನ ಉದ್ದನೆಯ ರೂಪ ಮುಗಿಯುವುದೂ ಗೊಲ್ಲರ ಹತ್ತಿರವೇ: ಪ್ರತಿ ಸಂಕ್ರಾಂತಿಯಲ್ಲಿ ಕೃಷ್ಣನನ್ನು ಭಜಿಸಿ ಅಂತ ಪುಣ್ಯಕೋಟಿ ಗೊಲ್ಲನಿಗೆ ಹೇಳುತ್ತಾಳೆ. ಶಾಲೆಯ ಪುಸ್ತಕಕ್ಕೆ ಹಾಡನ್ನು ಚಿಕ್ಕದು ಮಾಡುವಾಗ ಮೊದಲು ಕತ್ತರಿಗೆ ಸಿಗುವುದು ಇಂಥ ಕೊನೆಯೇ. ಅದು ಹೋದರೆ ಇದು ದನ ಕಾಯುವ ಜನರ ಹಬ್ಬಕ್ಕೆ ಅಂಟಿಕೊಂಡ ಹಾಡು ಅನ್ನುವುದೂ ಹೋಗುತ್ತದೆ. ಉಳಿಯುವುದು ಎಲ್ಲರಿಗೂ ಸಲ್ಲುವ ಒಂದು ನೀತಿ.

ಅಭ್ಯಾಸ ಅಂದರೆ ಮರುಮಾತು. ‘ಮೆಚ್ಚನಾ ಪರಮಾತ್ಮನು’ ಅನ್ನುವ ತುಣುಕನ್ನು ಗಮನಿಸಿ. ಮೊದಲು ಅದನ್ನು ಹೇಳುವುದು ಪುಣ್ಯಕೋಟಿ: ಸತ್ಯವಾಕ್ಯಕ್ಕೆ ತಪ್ಪಿದರೆ ಮೆಚ್ಚನಾ ಪರಮಾತ್ಮನು. ಆಮೇಲೆ ಅದೇ ತುಣುಕು ಹುಲಿಯ ಕಡೆ ಬರುತ್ತದೆ: ಇವಳನ್ನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು. ಹುಲಿ ದೊಡ್ಡಿಯ ಹತ್ತಿರ ಇರಲಿಲ್ಲ, ಹಸು ಕರುವಿಗೆ ಹೇಳಿದ್ದು ಅದಕ್ಕೆ ಕೇಳಿಸಿಲ್ಲ. ಆದರೂ ಅದರ ಬಾಯಲ್ಲಿ ಅದೇ ಮಾತು. ಎಣಿಕೆಗೆ ಇದು ‘ಎರಡು ಸಲ’ ಅಷ್ಟೇ. ಯಾರು, ಯಾರ ನಂತರ ಹೇಳಿದರು ಅಂತ ನೋಡಿದಾಗ ಮೌಲ್ಯವೊಂದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಕಾಣುತ್ತದೆ.

ಅಪೂರ್ವತೆ ಹುಡುಕಬೇಕಾದರೆ ಇದೇ ಥರದ ಬೇರೆ ಕಥೆ ಬೇಕು. ಪದ್ಮಪುರಾಣದಲ್ಲಿ ನಂದಾ ಅನ್ನುವ ಹಸುವಿನ ಕಥೆ ಇದೆ. ಅಲ್ಲೂ ಹುಲಿ, ಅಲ್ಲೂ ಕರು, ಅಲ್ಲೂ ಮರಳಿ ಬರುವ ಮಾತು. ಆದರೆ ಅಲ್ಲಿಯ ಹುಲಿ ಶಾಪ ಹೊತ್ತ ಪ್ರಭಂಜನ ಅನ್ನುವ ರಾಜ. ನಂದಾ ಬಂದ ಮೇಲೆ ಅವನಿಗೆ ಶಾಪ ಕಳೆಯುತ್ತದೆ. ನಮ್ಮ ಹಾಡಿನ ಹುಲಿಗೆ ಶಾಪದ ನೆಪ ಇಲ್ಲ. ಅದು ಬರೀ ಹಸಿದ ಹುಲಿ. ‘ಎನ್ನ ಒಡಹುಟ್ಟಕ್ಕ ನೀನು, ನಿನ್ನ ಕೊಂದು ಏನ ಪಡೆವೆನು’ ಅಂತ ಹಾರಿ ನೆಗೆದು ಪ್ರಾಣ ಬಿಡುತ್ತದೆ. ಹುಲಿ ಕೊಡುವ ಕಾರಣವನ್ನು ಇನ್ನೊಮ್ಮೆ ಓದಿ. ‘ನೀನು ಸತ್ಯ ಹೇಳಿದೆ’ ಅನ್ನಲಿಲ್ಲ, ‘ನೀನು ಅಕ್ಕ’ ಅಂದಿತು. ಹಸು ಬಂಧು ಬಳಗವನ್ನು ಸತ್ಯಕ್ಕಾಗಿ ಬಿಟ್ಟು ಬಂತು. ಆ ಸತ್ಯವನ್ನು ಕಂಡ ಹುಲಿ ತಾನೇ ಬಂಧುವಾಯಿತು. ಆದ್ದರಿಂದ ‘ಸತ್ಯವೇ ಮೌಲ್ಯ’ ಅನ್ನುವ ನೋಟ್ಸಿನ ಉತ್ತರ ಅರ್ಧ ಸರಿ ಅಂತ ನನ್ನ ಲೆಕ್ಕ. ಸತ್ಯದಿಂದ ನಂಟು ಹುಟ್ಟುತ್ತದೆ ಅನ್ನುವುದು ಉಳಿದರ್ಧ. ಒಪ್ಪದವರು ಇದೇ ಸಾಲುಗಳನ್ನು ಹಿಡಿದು ನನ್ನ ಜೊತೆ ವಾದ ಮಾಡಬಹುದು.

ಪದ್ಧತಿ ಇದ್ದಮೇಲೆ ಎಲ್ಲರ ಉತ್ತರ ಒಂದೇ ಆಗಬೇಕಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ‘ತತ್ತ್ವಮಸಿ’, ಅಂದರೆ ‘ಅದು ನೀನೇ’ ಅನ್ನುವ ಮಾತು ಒಂಬತ್ತು ಸಲ ಬರುತ್ತದೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಅಂತ ಅದ್ವೈತಿಗಳು ತೋರಿಸುತ್ತಾರೆ. ನಮ್ಮ ಉಡುಪಿಯ ಮಧ್ವಾಚಾರ್ಯರು ಅದೇ ಜಾಗದಲ್ಲಿ ಸಂಧಿಯನ್ನು ಬೇರೆ ಥರ ಬಿಡಿಸಿ ‘ಅತತ್ ತ್ವಮಸಿ’, ಅಂದರೆ ‘ಅದು ನೀನಲ್ಲ’ ಅಂತ ಓದಿದರು, ಅರ್ಥ ಪೂರ್ತಿ ತಿರುಗಿತು. ಗುರುತುಗಳು ಅವೇ, ತೀರ್ಮಾನ ಎದುರುಬದುರು. ಆದರೆ ಜಗಳ ಎಲ್ಲಿ ನಡೆಯುತ್ತಿದೆ ಅನ್ನುವುದು ಸ್ಪಷ್ಟ. ಯಾವ ಅಕ್ಷರದ ಹತ್ತಿರ ದಾರಿ ಕವಲೊಡೆಯಿತು ಅಂತ ಬೆರಳಿಟ್ಟು ತೋರಿಸಬಹುದು.

ಇದುವರೆಗಿನ ಓದು ಹಾಡನ್ನು ನಂಬಿಕೊಂಡು ನಡೆಯಿತು. ನಂಬದೆ ಓದುವ ಪದ್ಧತಿಯೂ ಇದೆ. ಫ್ರಾನ್ಸಿನ ತತ್ವಜ್ಞಾನಿ ಪಾಲ್ ರಿಕೋರ್ 1965ರಲ್ಲಿ ಮಾರ್ಕ್ಸ್, ನೀಷೆ, ಫ್ರಾಯ್ಡ್ ಮೂವರನ್ನೂ ಸಂಶಯದ ಗುರುಗಳು ಅನ್ನುವ ಅರ್ಥದಲ್ಲಿ ಒಟ್ಟಿಗೆ ಸೇರಿಸಿದರು. ಬರಹ ಹೇಳುತ್ತಿರುವುದನ್ನು ಬಿಟ್ಟು, ಅದು ಯಾರಿಗೆ ಅನುಕೂಲ ಅಂತ ಇವರ ದಾರಿಯ ಓದುಗರು ಕೇಳುತ್ತಾರೆ. ಹಾಡು ಗೊಲ್ಲರದ್ದು, ಹುಲಿ ಗೊಲ್ಲರ ಶತ್ರು. ಶತ್ರು ತಾನಾಗಿಯೇ ಸತ್ತು, ದನ ಉಳಿದು, ಪುಣ್ಯವೂ ಬಂದರೆ ದನ ಕಾಯುವವನಿಗೆ ಇನ್ನೇನು ಬೇಕು? ಮೇಯಲು ಹೋಗಿ ಸಿಕ್ಕಿಬಿದ್ದ ತಾಯಿಗೇ ಯಾಕೆ ಸತ್ಯದ ಪರೀಕ್ಷೆ? ಕಾಳಿಂಗ ಆಗ ಎಲ್ಲಿದ್ದ? ಈ ಓದು ಚುರುಕಾಗಿರುತ್ತದೆ, ಓದುವವರಿಗೂ ಖುಷಿ. ಅಪಾಯ ಏನೆಂದರೆ ಯಾವ ಬರಹ ಕೊಟ್ಟರೂ ಇದರಿಂದ ಬರುವ ಉತ್ತರ ಮೊದಲೇ ಗೊತ್ತಿರುತ್ತದೆ.

ಕನ್ನಡದಲ್ಲಿ ಈ ಎಲ್ಲ ಪದ್ಧತಿಗಳೂ ಬೀದಿಗಿಳಿದು ಗುದ್ದಾಡಿದ್ದು 2013ರಲ್ಲಿ, ‘ಪ್ರಜಾವಾಣಿ’ಯಲ್ಲಿ ನಡೆದ ವಚನ ಮತ್ತು ಜಾತಿಯ ಚರ್ಚೆಯಲ್ಲಿ. ಜಾತಿಯ ಪ್ರಸ್ತಾಪ ಇರುವ ವಚನಗಳ ಪ್ರಮಾಣ ತೀರಾ ಕಡಿಮೆ, ಹಾಗಾಗಿ ವಚನಗಳು ಜಾತಿ ವಿರೋಧಿ ಸಾಹಿತ್ಯ ಅನ್ನುವುದಕ್ಕೆ ಆಧಾರ ಇಲ್ಲ ಅಂತ ಒಂದು ಪಕ್ಷ. ಎಷ್ಟು ಸಲ ಅನ್ನುವುದು ಮುಖ್ಯವಲ್ಲ, ಯಾರು ಯಾವ ಸ್ಥಾನದಲ್ಲಿ ನಿಂತು ಹೇಳಿದರು, ಅದರಿಂದ ಏನಾಯಿತು ನೋಡಿ ಅಂತ ಇನ್ನೊಂದು ಪಕ್ಷ. ನನ್ನ ಒಲವು ಎರಡನೆಯ ಕಡೆಗೆ. ಆದರೆ ಮೊದಲಿನವರು ಲೆಕ್ಕ ಮುಂದಿಟ್ಟಿದ್ದರಿಂದಲೇ ಎದುರಿನವರು ಬರೀ ಭಾವನೆಯಲ್ಲಿ ಮಾತಾಡಿದರೆ ಸಾಲದು ಅನ್ನುವ ಹಾಗಾಯಿತು.

ಪ್ರಾಜೆಕ್ಟ್ ಮಾಡುವವರಿಗೆ ಒಂದು ಲೆಕ್ಕ ಹೇಳಲೇಬೇಕು. ಸಾಲುಗಳನ್ನು ‘ಮೌಲ್ಯ ಇದೆ’, ‘ಇಲ್ಲ’ ಅಂತ ವಿಂಗಡಿಸುವಾಗ ಇಬ್ಬರು ಬೇರೆ ಬೇರೆ ಕೂತು ಮಾಡುವುದು ರೂಢಿ. ಇಬ್ಬರೂ 100ಕ್ಕೆ 90 ಸಾಲುಗಳಲ್ಲಿ ಒಪ್ಪಿದರು ಅಂತಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ 90 ಸಾಲಿಗೆ ‘ಇಲ್ಲ’, 10ಕ್ಕೆ ‘ಇದೆ’ ಅಂತ ಬರೆದಿದ್ದರೆ, ಕಣ್ಣು ಮುಚ್ಚಿ ಗುರುತು ಹಾಕಿದರೂ 82 ಸಾಲುಗಳಲ್ಲಿ ಒಪ್ಪಿಗೆ ತಾನಾಗಿ ಬರುತ್ತದೆ (0.9ರ ವರ್ಗಕ್ಕೆ 0.1ರ ವರ್ಗ ಕೂಡಿ). ಆಕಸ್ಮಿಕ ಒಪ್ಪಿಗೆಯನ್ನು ಕಳೆದು ಉಳಿದದ್ದನ್ನು ಅಳೆಯುವ ಕಪ್ಪಾ ಅನ್ನುವ ಅಂಕಿಯನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟರು. ನಮ್ಮ ಉದಾಹರಣೆಯಲ್ಲಿ ಅದು 8ನ್ನು (90ರಲ್ಲಿ 82 ಕಳೆದು) 18ರಿಂದ (100ರಲ್ಲಿ 82 ಕಳೆದು) ಭಾಗಿಸಿದಷ್ಟು, ಅಂದರೆ ಸುಮಾರು 0.44. ಇದೇ ಜಾತಿಯ ಇನ್ನೊಂದು ಅಳತೆ ಕೊಟ್ಟ ಕ್ಲಾಸ್ ಕ್ರಿಪೆನ್‌ಡಾರ್ಫ್ 0.80 ಇದ್ದರೆ ನಂಬಬಹುದು, 0.667ಕ್ಕಿಂತ ಕೆಳಗಿದ್ದರೆ ತೀರ್ಮಾನಕ್ಕೇ ಹೋಗಬೇಡಿ ಅನ್ನುತ್ತಾರೆ.

ಅಂಕಿ ಕಡಿಮೆ ಬಂತು ಅಂತ ಗಾಬರಿಯಾಗಿ ಗೆಳತಿಯ ಉತ್ತರಗಳನ್ನು ತಿದ್ದಿಸಬೇಡಿ. ಇಬ್ಬರೂ ಒಪ್ಪದ ಸಾಲುಗಳನ್ನು ಪಕ್ಕಕ್ಕೆ ಬರೆದುಕೊಳ್ಳಿ. ‘ಸತ್ಯವೇ ನಮ್ಮ ತಾಯಿ ತಂದೆ’ ಸಾಲನ್ನು ನೀವು ಸತ್ಯದ ಕೆಳಗೆ, ಅವಳು ಕುಟುಂಬದ ಕೆಳಗೆ ಹಾಕಿದ್ದರೆ ಇಬ್ಬರೂ ಕೊಡುವ ಕಾರಣ ಬರೆಯಿರಿ. ಆಮೇಲೆ ವಿಂಗಡಣೆಯ ನಿಯಮ ತಿದ್ದಿ, ಬೇರೆ ಪದ್ಯಗಳ ಮೇಲೆ ಮತ್ತೆ ಪ್ರಯತ್ನಿಸಿ. ವೈವಾದಲ್ಲಿ ಮೇಷ್ಟ್ರು ಕೆದಕುವುದು ಅಂಥ ಸಾಲುಗಳನ್ನೇ.