5ಜಿ ಬಂದ ಮೇಲೆ ಚಾರ್ಜ್ ಯಾಕೆ ನಿಲ್ಲಲ್ಲ?

ಮೊಬೈಲ್ ಅಂಗಡಿಗಳಲ್ಲಿ ಈಗ ಎರಡು ಥರದ ದೂರು. ಒಂದು, 5ಜಿ ಫೋನ್ ತಗೊಂಡ ಮೇಲೆ ಚಾರ್ಜ್ ನಿಲ್ಲುತ್ತಿಲ್ಲ ಅನ್ನೋದು. ಇನ್ನೊಂದು, ಅನ್‌ಲಿಮಿಟೆಡ್ 5ಜಿ ಪ್ಯಾಕ್ ಹಾಕಿಸಿದ್ದರೂ ಮಧ್ಯಾಹ್ನದೊಳಗೆ ನೆಟ್ ಖಾಲಿ ಅಂತ ಮೆಸೇಜ್ ಬರೋದು. ಎರಡಕ್ಕೂ ಸಿಗುವ ಸಲಹೆ ಒಂದೇ: ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಹಾಕಿಬಿಡಿ. ಮೊದಲನೇ ದೂರಿಗೆ ಇದರಿಂದ ಸ್ವಲ್ಪ ಗುಣ ಕಾಣಬಹುದು. ಎರಡನೆಯದು ಮಾತ್ರ ಇನ್ನೂ ಜಾಸ್ತಿಯಾಗುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1995ರ ಜುಲೈ 31ರಂದು ಕೋಲ್ಕತ್ತಾದಿಂದ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಅಲ್ಲಿಂದ 2008ರ ಡಿಸೆಂಬರ್‌ನಲ್ಲಿ ಸರ್ಕಾರಿ ಕಂಪನಿ ಎಂಟಿಎನ್‌ಎಲ್ ದೆಹಲಿಗೆ 3ಜಿ ತರುವವರೆಗೂ ಮೊಬೈಲ್ ಅಂದರೆ ಬಹುಪಾಲು ಮಾತು, ಮಿಸ್ಡ್ ಕಾಲ್, ಎಸ್ಸೆಮ್ಮೆಸ್. ನೋಕಿಯಾ 1100ರ ಬ್ಯಾಟರಿ ಬರೀ 850 ಎಂಎಎಚ್, ಆದರೂ ದಿನಗಟ್ಟಲೆ ಬರುತ್ತಿತ್ತು. ಮಾತಾಡದಿದ್ದಾಗ ಅದರ ರೇಡಿಯೋ, ಅಂದರೆ ಟವರ್ ಜೊತೆ ಸಂಪರ್ಕ ಇಟ್ಟುಕೊಳ್ಳುವ ಭಾಗ, ಹೆಚ್ಚು ಹೊತ್ತು ಮಲಗಿಯೇ ಇರುತ್ತಿತ್ತು. ಕರೆ ಇದೆಯಾ ಅಂತ ನೋಡಲು ಆಗಾಗ ಒಂದು ಕ್ಷಣ ಎದ್ದರೆ ಮುಗಿಯಿತು. ಇಂಟರ್ನೆಟ್ ಇತ್ತು, ಜಿಪಿಆರ್‌ಎಸ್. 10 ಕೆಬಿಗೆ 10 ಪೈಸೆ. ತಪ್ಪಿ ಬಟನ್ ಒತ್ತಿದರೆ ಹಾಕಿಸಿದ ಕರೆನ್ಸಿ ಎಲ್ಲಾ ಹೋಗುತ್ತೆ ಅಂತ ಜನ ಹೆದರುತ್ತಿದ್ದರು.

ಬ್ಯಾಟರಿಯ ಗೊಣಗಾಟ ನಿಜವಾಗಿ ಶುರುವಾದದ್ದು 3ಜಿಯಲ್ಲಿ. ಒಂದು ಚಿಕ್ಕ ಮೆಸೇಜ್ ಬಂದರೂ ರೇಡಿಯೋ ಪೂರ್ತಿ ಏಳುತ್ತಿತ್ತು. ಕೆಲಸ ಮುಗಿದ ಮೇಲೂ, ಇನ್ನೇನಾದರೂ ಬರಬಹುದು ಅಂತ ಹಲವು ಸೆಕೆಂಡು ಎದ್ದೇ ಇರುತ್ತಿತ್ತು. ಹೊರಟ ನೆಂಟರು ಗೇಟಿನ ಹತ್ತಿರ ಮತ್ತೆ ಅರ್ಧ ಗಂಟೆ ಮಾತಿಗೆ ನಿಂತ ಹಾಗೆ. ಎಷ್ಟು ಹೊತ್ತು ಕಾಯಬೇಕು ಅಂತ ನಿರ್ಧರಿಸುತ್ತಿದ್ದದ್ದು ಬಹುಮಟ್ಟಿಗೆ ನೆಟ್‌ವರ್ಕ್, ಫೋನ್ ಅಲ್ಲ. ಅದೇ ಹೊತ್ತಿಗೆ ವಾಟ್ಸಾಪ್, ಫೇಸ್‌ಬುಕ್ ಬಂದವು. ಹಾಗಾಗಿ ಕಳಿಸುವ ಡೇಟಾಕ್ಕಿಂತ ಈ ಕಾಯುವಿಕೆಗೇ ಚಾರ್ಜ್ ಜಾಸ್ತಿ ಖರ್ಚಾಗುತ್ತಿತ್ತು. ಜನ ಒಂದು ಉಪಾಯ ಕಂಡುಕೊಂಡರು: ಬೇಕಾದಾಗ ನೆಟ್ ಆನ್, ಆಮೇಲೆ ಆಫ್. ದುಡ್ಡೂ ಉಳಿಯಿತು, ಬ್ಯಾಟರಿಯೂ ಉಳಿಯಿತು.

ಆ ಅಭ್ಯಾಸ ತಪ್ಪಿಸಿದ್ದು 4ಜಿ ಕಾಲ. ಏರ್‌ಟೆಲ್ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ, ಮುಂದಿನ ತಿಂಗಳು ಬೆಂಗಳೂರಲ್ಲಿ 4ಜಿ ಶುರು ಮಾಡಿತ್ತು. ಆಗ ಅದು ಕಂಪ್ಯೂಟರ್‌ಗೆ ನೆಟ್‌ಗಾಗಿ ಚುಚ್ಚುವ ಡಾಂಗಲ್ ಹಾಕಿಕೊಳ್ಳುವವರ ಸಂಗತಿ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು, 2017ರ ಮಾರ್ಚ್ ಕೊನೆಯವರೆಗೂ ಪುಕ್ಕಟೆ. ಆಮೇಲೆ ದಿನಕ್ಕೆ 1 ಜಿಬಿ ಲೆಕ್ಕದ ಪ್ಯಾಕ್‌ಗಳು ಎಲ್ಲ ಕಡೆ ಬಂದವು. ಡೇಟಾ ಬಳಕೆ ಬದಲಾದದ್ದಕ್ಕೆ ನೆಟ್‌ವರ್ಕ್‌ನ ವೇಗಕ್ಕಿಂತ ಈ ದಿನದ ಲೆಕ್ಕವೇ ದೊಡ್ಡ ಕಾರಣ ಅನ್ನಿಸುತ್ತದೆ. ತಿಂಗಳಿಗೆ 1 ಜಿಬಿ ಇದ್ದಾಗ ಜನ ಉಳಿಸುತ್ತಿದ್ದರು. ದಿನದ 1 ಜಿಬಿ ರಾತ್ರಿ 12ಕ್ಕೆ ಹೋಗಿಬಿಡುತ್ತೆ, ಸುಮ್ನೆ ಯಾಕೆ ಬಿಡಬೇಕು ಅಲ್ವಾ? ನೆಟ್ ಆಫ್ ಮಾಡುವುದು ಅಲ್ಲಿಗೆ ನಿಂತಿತು. ಈಗ ದೇಶದಲ್ಲಿ ಒಬ್ಬರ ಸರಾಸರಿ ಬಳಕೆ ತಿಂಗಳಿಗೆ 20 ಜಿಬಿ ದಾಟಿದೆ.

4ಜಿಯ ರೇಡಿಯೋ ಬೇಗ ಮಲಗುತ್ತದೆ, ನಡುನಡುವೆ ತೂಕಡಿಸುತ್ತದೆ. ಅಷ್ಟೇ ಎಂಬಿ ಬಳಸಿದರೆ 3ಜಿಗಿಂತ ಸಾಮಾನ್ಯವಾಗಿ ಕಡಿಮೆ ಚಾರ್ಜ್ ಸಾಕು. ಆದರೆ ಎಂಬಿಗಳೇ ಅಷ್ಟಕ್ಕೆ ನಿಲ್ಲಲಿಲ್ಲವಲ್ಲ. 50 ಎಂಬಿ ಫೈಲು 2ಜಿಯಲ್ಲೂ 50, 5ಜಿಯಲ್ಲೂ 50. ವಿಡಿಯೋ ಹಾಗಲ್ಲ. ಕ್ವಾಲಿಟಿ 'ಆಟೋ'ದಲ್ಲಿದ್ದರೆ ಲೈನ್ ಚೆನ್ನಾಗಿದ್ದಷ್ಟೂ ಆ್ಯಪ್ ದೊಡ್ಡ ಪಿಕ್ಚರ್ ಎಳೆಯುತ್ತದೆ. ಸಾಧಾರಣ ಸ್ಪಷ್ಟತೆಯ 480ಪಿಯಲ್ಲಿ ಗಂಟೆಗೆ ಸುಮಾರು ಅರ್ಧ ಜಿಬಿ ಆಗುವ ವಿಡಿಯೋ ಹೆಚ್ಚು ಸ್ಪಷ್ಟತೆಯ 1080ಪಿಯಲ್ಲಿ ಒಂದೂವರೆ, ಎರಡು ಜಿಬಿ ಆಗಬಹುದು. 2020ರ ಲಾಕ್‌ಡೌನ್ ಶುರುವಿನಲ್ಲಿ ನೆಟ್‌ವರ್ಕ್ ಮೇಲಿನ ಹೊರೆ ತಗ್ಗಿಸಲು ವಿಡಿಯೋ ಕಂಪನಿಗಳು ಮೊಬೈಲ್ ಡೇಟಾದಲ್ಲಿ 480ಪಿಗಿಂತ ಮೇಲೆ ಕೊಡುವುದಿಲ್ಲ ಅಂತ ಏಪ್ರಿಲ್ 14ರವರೆಗೆ ಒಪ್ಪಿಕೊಂಡಿದ್ದವು. ಆರಿಂಚಿನ ಪರದೆಯಲ್ಲಿ ಎಷ್ಟು ಜನಕ್ಕೆ ವ್ಯತ್ಯಾಸ ಗೊತ್ತಾಯಿತೋ!

ಮುಂದಿನ ವರ್ಷ ಸುಳ್ಯದ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದ ಫೋಟೊ ಎಲ್ಲರೂ ನೋಡಿದರು. ರೇಂಜ್ ಇಲ್ಲದ ಊರಲ್ಲಿ ಪಾಠದಷ್ಟೇ ಬೇಗ ಬ್ಯಾಟರಿಯೂ ಕೈಕೊಡುತ್ತದೆ. ಟವರ್ ಹತ್ತಿರ ಇದ್ದರೆ 4ಜಿ ಫೋನ್ ಒಂದೆರಡು ಮಿಲಿವ್ಯಾಟ್‌ನಲ್ಲಿ ಕೆಲಸ ಮುಗಿಸಬಹುದು. ದೂರ ಇದ್ದರೆ ತನ್ನ ಮಿತಿಯಾದ 200 ಮಿಲಿವ್ಯಾಟ್‌ವರೆಗೂ ಕೂಗಬೇಕು. ನಿಮ್ಮ ಫೋನಿನಲ್ಲೇ ನೋಡಬಹುದು. ಬಹಳಷ್ಟು ಆಂಡ್ರಾಯ್ಡ್‌ಗಳಲ್ಲಿ 'ಅಬೌಟ್ ಫೋನ್' ಒಳಗೆ 'ಸಿಮ್ ಸ್ಟೇಟಸ್' ಒತ್ತಿದರೆ ಸಿಗ್ನಲ್ ಎಷ್ಟು ಗಟ್ಟಿಯಿದೆ ಅಂತ ಹೇಳುವ, ಡಿಬಿಎಂ ಅಂತ ಒಂದು ಮೈನಸ್ ಸಂಖ್ಯೆ ಬರುತ್ತದೆ. ಮೈನಸ್ 85 ಇದ್ದರೆ ನಿಶ್ಚಿಂತೆ. ಮೈನಸ್ 115 ಇದ್ದರೆ ಬ್ಯಾಟರಿ ಇಳಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

5ಜಿ 2022ರ ಅಕ್ಟೋಬರ್ 1ರಂದು ಬಂತು, ಎರಡು ದಾರಿಯಲ್ಲಿ. ಜಿಯೋ ಪೂರ್ತಿ ಹೊಸ ಜಾಲ ಕಟ್ಟಿತು. ಏರ್‌ಟೆಲ್ ಮೊದಲು 4ಜಿಯ ಆಸರೆಯ ಮೇಲೆ 5ಜಿ ನಿಲ್ಲಿಸಿತು. ಎರಡನೇ ದಾರಿ ಬೇಗ ಆಗುತ್ತದೆ, ಆದರೆ ಫೋನ್ 4ಜಿ, 5ಜಿ ಎರಡನ್ನೂ ಹಿಡಿದಿಟ್ಟುಕೊಳ್ಳಬೇಕು. ಸಿಗ್ನಲ್ ಗಟ್ಟಿಯಿದ್ದಲ್ಲಿ 5ಜಿ ಕೆಲಸ ಬೇಗ ಮುಗಿಸಿ ಮಲಗುತ್ತದೆ, ನಷ್ಟವಿಲ್ಲ. ತೊಂದರೆ ಇರುವುದು ಅಂಚಿನಲ್ಲಿ. 5ಜಿಗೆ ಹೆಚ್ಚು ಬಳಸುವ 3.5 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳು ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಸೊರಗಿರುತ್ತವೆ. ಹಾಲ್‌ನಲ್ಲಿ 5ಜಿ, ಅಡುಗೆಮನೆಯಲ್ಲಿ 4ಜಿ. ಈ ಹಾರಾಟದಲ್ಲೇ ಚಾರ್ಜ್ ಹೋಗುತ್ತದೆ.

ನೆಟ್ ಖಾಲಿಯಾಗುವ ಗುಟ್ಟೂ ಇಲ್ಲೇ ಇದೆ. ಅನ್‌ಲಿಮಿಟೆಡ್ ಇರುವುದು 5ಜಿಯಲ್ಲಿದ್ದಾಗ ಮಾತ್ರ. 4ಜಿಗೆ ಜಾರಿದ ತಕ್ಷಣ ದಿನದ ಕೋಟಾ ಕರಗಲು ಶುರು. 2024ರ ಜುಲೈನಲ್ಲಿ ದರ ಏರಿದಾಗಿನಿಂದ ಅನ್‌ಲಿಮಿಟೆಡ್ 5ಜಿ ಸಿಗುವುದು ಮುಖ್ಯವಾಗಿ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಯಾಕ್‌ಗಳಲ್ಲಿ. ಊರಲ್ಲಿ 5ಜಿ ಟವರ್ ಇಲ್ಲದವರೂ ಆ ಪ್ಯಾಕಿಗೆ ಅಷ್ಟೇ ದುಡ್ಡು ಕೊಡುತ್ತಾರೆ. ಬ್ಯಾಟರಿ ಉಳಿಸಲು 4ಜಿಗೆ ಹಾಕಿದರೆ ಡೇಟಾ ಹೋಗುತ್ತದೆ, ಡೇಟಾ ಉಳಿಸಲು 5ಜಿಯಲ್ಲೇ ಬಿಟ್ಟರೆ ಬ್ಯಾಟರಿ. ಎರಡೂ ಉಳಿಯುವ ದಾರಿ ಸದ್ಯಕ್ಕೆ ಒಂದು ಕಾಣುತ್ತದೆ: 5ಜಿ ಸಿಗ್ನಲ್ ಒಂದೇ ಕಡ್ಡಿ ಬರುವ ಜಾಗದಲ್ಲಿ 4ಜಿಗೆ ಹಾಕಿ, ಜೊತೆಗೆ ವಿಡಿಯೋವನ್ನು 480ಪಿಗೆ ಕಟ್ಟಿಹಾಕುವುದು.