ನಾಲ್ಕಡಿ ನೆಲದ ಪ್ರಶ್ನೆ: ಮುಂಬೈಯ ಬೀದಿನಾಯಿಗಳ ಹಿಂದಿನ ಕಥೆ

ಮುಂಬೈಯಲ್ಲಿ ಗಾಡಿಯಡಿ ಸಿಕ್ಕಿ ಕಾಲು ಮುರಿದುಕೊಂಡ ಬೀದಿನಾಯಿಗೆ ಆಂಬುಲೆನ್ಸ್ ಸಿಗುತ್ತದೆ, ವೈದ್ಯರು ಸಿಗುತ್ತಾರೆ, ಫೋಟೊ ಹಂಚಿದರೆ ಶಸ್ತ್ರಚಿಕಿತ್ಸೆಗೆ ಹಣವೂ ಕೂಡಿಬರುತ್ತದೆ. ಸಿಗದೇ ಇರುವುದು, ಪಟ್ಟಿ ಬಿಚ್ಚುವವರೆಗೆ ಅದು ಮಲಗಲು ಬೇಕಾದ ನಾಲ್ಕಡಿ ನೆಲ. ಎಂಟು ವರ್ಷಗಳಿಂದ ಮಾಟುಂಗದ ನಮ್ಮ ಮನೆಯ ಬಾಲ್ಕನಿಯಲ್ಲಿ ನಾನು ಆ ನಾಲ್ಕಡಿ ಬಿಟ್ಟುಕೊಟ್ಟಿದ್ದೇನೆ. ನಾಯಿಗೆ ಕಾಯಂ ಮನೆ ಸಿಗುವವರೆಗೆ ಊಟ, ಉಪಚಾರ ನೋಡಿಕೊಳ್ಳುವ ಇಂಥ ಮನೆಯನ್ನು ರಕ್ಷಣಾ ತಂಡಗಳು ‘ಫಾಸ್ಟರ್’ ಎನ್ನುತ್ತವೆ. ನಾಯಿಗಳ ವಿಷಯದಲ್ಲಿ ಈ ನಗರ ಸುಮಾರು ಇನ್ನೂರು ವರ್ಷಗಳಿಂದ ಜಗಳವಾಡಿದೆ, ಕೋರ್ಟು ಮೆಟ್ಟಿಲು ಹತ್ತಿದೆ, ನಿಯಮ ಬರೆದಿದೆ. ಇಷ್ಟಾದರೂ ಬಗೆಹರಿಯದ ಪ್ರಶ್ನೆ ಒಂದೇ: ಇವನ್ನು ಇಡುವುದೆಲ್ಲಿ?

ಜಗಳ ಬೀದಿಗೆ ಬಂದದ್ದು 1832ರ ಜೂನ್ 6ರಂದು, ಫೋರ್ಟ್ ಪ್ರದೇಶದಲ್ಲಿ. ಮುಂದೆ ನಮ್ಮ ಕರಾವಳಿಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿಶಾಲೆಯಲ್ಲಿ ಓದಿದರಲ್ಲ, ಅದೇ ಫೋರ್ಟ್. ವಾರಸುದಾರರಿಲ್ಲದ ನಾಯಿಗಳನ್ನು ಬೇಸಗೆಯಲ್ಲಿ ಕೊಲ್ಲುವ ಪದ್ಧತಿಯನ್ನು ಕಂಪನಿ ಸರಕಾರ ಮೊದಲೇ ತಂದಿತ್ತು. ಆ ವರ್ಷ ಕೊಲ್ಲುವ ಅವಧಿಯನ್ನು ಹೆಚ್ಚಿಸಿತು. ನಾಯಿಯೊಂದಕ್ಕೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ನಾಯಿ ಹಿಡಿಯುವವರು ಮನೆಯಂಗಳದ ಸಾಕುನಾಯಿಗಳಿಗೂ ಕೈಹಾಕಿದರು. ಪಾರ್ಸಿಗಳಿಗೆ ನಾಯಿ ಬರೀ ಪ್ರಾಣಿಯಲ್ಲ. ಸತ್ತವರ ದೇಹದ ಮುಂದೆ ನಾಯಿಯನ್ನು ಕರೆತಂದು ನೋಡಿಸುವ ‘ಸಗ್‌ದೀದ್’ ಅವರ ಅಂತ್ಯಸಂಸ್ಕಾರದ ಭಾಗ. ಅವರು ತಿರುಗಿಬಿದ್ದರು. ಮರುದಿನ ಅಂಗಡಿಗಳು ಬಾಗಿಲು ಹಾಕಿದವು. ಸೈನಿಕರ ಪಡಿತರಕ್ಕೂ ತಡೆ ಬಿತ್ತು. ಪೊಲೀಸರು ಕೆಲವರನ್ನು ಬಂಧಿಸಿದರೂ, ನಾಯಿಗಳನ್ನು ಕೊಲ್ಲುವ ಬದಲು ಊರಾಚೆ ಸಾಗಿಸುವುದೆಂದು ಕೊನೆಗೆ ತೀರ್ಮಾನವಾಯಿತು. ಎರಡು ವರ್ಷಗಳ ನಂತರ, 1834ರಲ್ಲಿ, ಜಮ್ಷೆಡ್ಜಿ ಜೀಜಾಭಾಯ್ ಮತ್ತು ಅಮೀಚಂದ್ ಶಾ ಅವರ ಮುಂದಾಳುತನದಲ್ಲಿ ಭುಲೇಶ್ವರದ ಪಾಂಜರಾಪೋಳ ಹುಟ್ಟಿತು. ಬೀಡಾಡಿ ಪ್ರಾಣಿಗಳಿಗೆಂದೇ ಈ ಊರು ಕಟ್ಟಿದ ಸೂರು ಅದು.

ನಮ್ಮ ಕಡೆಯೂ ನಾಯಿಗೆ ಇಂಥದೇ ಮರ್ಯಾದೆ ಇತ್ತೆಂಬುದನ್ನು ಮರೆಯಬಾರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ವೀರಗಲ್ಲೊಂದು ಸಿಕ್ಕಿದೆ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕೆಂದು ಗಂಗರ ಬೂತುಗ ಕೇಳಿದಾಗ, ಅವನು ಬೇಡಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಕಾದಾಡಿ ಅದು ಸತ್ತಾಗ ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಮೈಲಾರಲಿಂಗನ ಗೊರವರು ಇಂದಿಗೂ ‘ದೋಣಿ’ ಎಂಬ ಭಿಕ್ಷಾಪಾತ್ರೆಯ ಮುಂದೆ ನಾಯಿಯಂತೆ ಬೊಗಳಿ ಪ್ರಸಾದ ಸ್ವೀಕರಿಸುತ್ತಾರೆ. ಅದೇ ಮೈಲಾರ ಪುಣೆಯ ಬಳಿಯ ಜೇಜುರಿಯಲ್ಲಿ ಖಂಡೋಬಾ. ಅವನ ಪಕ್ಕದಲ್ಲೂ ನಾಯಿ ಇದೆ. ಇಷ್ಟೆಲ್ಲ ಇದ್ದೂ ನಾವು ಬೀದಿಯ ನಾಯಿಯನ್ನು ‘ಕಂತ್ರಿ’ ಎಂದು ಹಳಿಯುತ್ತೇವೆ. ನನಗೆ ಆ ಮಾತು ಕೇಳಿದಾಗಲೆಲ್ಲ ನೋವಾಗುತ್ತದೆ.

1874ರಲ್ಲಿ ಪ್ರಾಣಿಹಿಂಸೆ ತಡೆಯುವ ಸಂಘ ಮುಂಬೈಗೆ ಬಂತು. ಮುಂದಿನ ದಶಕದಲ್ಲಿ ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ತೆರೆಯಿತು. ಆಸ್ಪತ್ರೆ ಬಂದರೂ ಕೊಲ್ಲುವುದು ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಬಹುಕಾಲ ಪಾಲಿಕೆಯ ವ್ಯಾನುಗಳು ನಾಯಿಗಳನ್ನು ಹಿಡಿದು ಒಯ್ದು ಕೊಲ್ಲುತ್ತಲೇ ಇದ್ದವು. ಆದರೂ ಸಂಖ್ಯೆ ಇಳಿಯಲಿಲ್ಲ. ಒಂದು ಗಲ್ಲಿ ಖಾಲಿಯಾದರೆ ಪಕ್ಕದ ಗಲ್ಲಿಯ ನಾಯಿಗಳು ಬಂದು ತುಂಬಿಕೊಳ್ಳುತ್ತವೆ. ಕಸದ ತೊಟ್ಟಿ ತುಂಬಿದ್ದಷ್ಟು ಕಾಲವೂ ಹಾಗೆಯೇ. ಸಂತಾನಶಕ್ತಿಹರಣ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿಯನ್ನು ಕತ್ತರಿಸಿ ಅದೇ ಗಲ್ಲಿಗೆ ಬಿಟ್ಟರೆ ನಾಯಿ ತನ್ನ ಜಾಗ ಕಾಯುತ್ತದೆ, ಹೊಸತನ್ನು ಒಳಗೆ ಬಿಡುವುದಿಲ್ಲ, ಮರಿಯನ್ನೂ ಹಾಕುವುದಿಲ್ಲ. 1985ರಲ್ಲಿ ಆರಂಭವಾದ ‘ವೆಲ್‌ಫೇರ್ ಆಫ್ ಸ್ಟ್ರೇ ಡಾಗ್ಸ್’ ಸಂಸ್ಥೆ ಮತ್ತು ಅದರ ಜೊತೆಗಾರರು ಹಿಡಿದ ವಾದ ಇದು. 1998ರಲ್ಲಿ ಬಾಂಬೆ ಹೈಕೋರ್ಟ್ ಈ ದಾರಿಗೆ ಮಾರ್ಗಸೂಚಿ ಕೊಟ್ಟಿತು. 2001ರಲ್ಲಿ ಕೇಂದ್ರ ಸರಕಾರ ಇದನ್ನೇ ದೇಶಕ್ಕೆಲ್ಲ ನಿಯಮವಾಗಿ ತಂದಿತು. 2023ರಲ್ಲಿ ಆ ನಿಯಮಗಳನ್ನು ಹೊಸದಾಗಿ ಬರೆಯಲಾಯಿತು. ಪಾಲಿಕೆಯ ಎಣಿಕೆಯಲ್ಲಿ 2014ರಲ್ಲಿ 95,172 ಇದ್ದ ಬೀದಿನಾಯಿಗಳು 2024ರ ಅಂದಾಜಿನಲ್ಲಿ 90,757. ಇಳಿಕೆ ಸಣ್ಣದು, ಆದರೆ ಕೊಲ್ಲದೆ ಆದ ಇಳಿಕೆ. ಲಸಿಕೆಯಿಂದ ಏನಾಗುತ್ತದೆ ಎಂಬುದಕ್ಕೆ ಗೋವಾ ಇನ್ನೂ ಒಳ್ಳೆಯ ಸಾಕ್ಷಿ. ವರ್ಷವರ್ಷವೂ ಬಲೆ ಹಿಡಿದು ಓಡಾಡಿ ಲಸಿಕೆ ಹಾಕಿದ ಫಲವಾಗಿ 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು.

ಈ ನಿಯಮದಲ್ಲಿ ಒಂದು ತೂತಿದೆ. ‘ಹಿಡಿದ ಜಾಗಕ್ಕೇ ಬಿಡಿ’ ಎನ್ನುವುದು ಗಟ್ಟಿಮುಟ್ಟಾದ, ದೊಡ್ಡ ನಾಯಿಗೆ ಸರಿ. ಮೂರು ಕಾಲಿನದಕ್ಕೆ? ಕಣ್ಣು ಕಾಣದ ಮುದಿನಾಯಿಗೆ? ಸಾಕಿ ಬೇಸರಬಂದು ಯಾರೋ ಹೆದ್ದಾರಿಯಲ್ಲಿ ಇಳಿಸಿಹೋದ ಲ್ಯಾಬ್ರಡಾರಿಗೆ? ಎಲ್ಲಕ್ಕಿಂತ ಮಿಗಿಲಾಗಿ, ತಾಯಿ ಸತ್ತ ಮರಿಗಳಿಗೆ? ಪಶ್ಚಿಮ ಬಂಗಾಳದ ಬೀದಿಮರಿಗಳನ್ನು ಹಿಂಬಾಲಿಸಿ ನಡೆದ ಅಧ್ಯಯನವೊಂದರಲ್ಲಿ ಐದರಲ್ಲಿ ಸುಮಾರು ನಾಲ್ಕು ಮರಿಗಳು ಪ್ರಾಯಕ್ಕೆ ಬರುವ ಮೊದಲೇ ಸತ್ತಿದ್ದವು. ಹಾಗಾದರೆ ಆಶ್ರಯಧಾಮಕ್ಕೆ ಕಳಿಸಬಹುದಲ್ಲ ಎಂದು ಕೇಳುತ್ತಾರೆ. ಲಸಿಕೆಯಾಗದ ಮರಿಯನ್ನು ಹತ್ತಾರು ನಾಯಿಗಳ ನಡುವೆ ಬಿಡುವುದೆಂದರೆ ಪಾರ್ವೊ ರೋಗದ ಬಾಯಿಗೆ ಕೊಟ್ಟಂತೆ. ರಕ್ತಭೇದಿ ಹತ್ತಿಸುವ ಆ ವೈರಾಣು ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ. ಇನ್ನೊಂದು ಕಾರಣವೂ ಇದೆ. ಮೂರನೆಯ ವಾರದಿಂದ ಮೂರು ತಿಂಗಳವರೆಗೆ ಮರಿ ಏನನ್ನು ಕಾಣುತ್ತದೋ ಅದನ್ನು ಜೀವನವಿಡೀ ತನ್ನದೆಂದು ನಂಬುತ್ತದೆ. ಆಗ ಕುಕ್ಕರಿನ ಸೀಟಿ, ಮಕ್ಕಳ ಗಲಾಟೆ, ಲಿಫ್ಟಿನ ಸದ್ದು ಕೇಳದ ಮರಿ, ಮುಂದೆ ಮನೆ ಸಿಕ್ಕರೂ ಮಂಚದಡಿಯಿಂದ ಹೊರಗೆ ಬರುವುದಿಲ್ಲ. ಅದಕ್ಕೆ ಬೇಕಾದ್ದು ಮನೆ.

ನಮ್ಮ ಮನೆಗೆ ಕಾಳಿ ಬಂದದ್ದು ಹಾಗೆ. ಹತ್ತಿರದ ಹೋಟೆಲಿನಲ್ಲಿ ದೋಸೆ ಹೊಯ್ಯುವ ಕುಂದಾಪುರದ ಹುಡುಗ ರಾತ್ರಿ ಹನ್ನೊಂದರ ಮೇಲೆ ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಅಕ್ಕಾ, ತಾಯಿ ಎರಡು ದಿನದಿಂದ ಕಾಣಿಸುತ್ತಿಲ್ಲ. ದನದ ಹಾಲು ಕೊಟ್ಟೆ, ಭೇದಿ ಹತ್ತಿತು.” ಪೆಟ್ಟಿಗೆಯಲ್ಲಿ ಮೂರು ವಾರದ ಹೆಣ್ಣುಮರಿ, ಮೈ ತಣ್ಣಗಿತ್ತು, ಕುತ್ತಿಗೆಯ ಗಾಯದಲ್ಲಿ ಹುಳು ಮಿಜಿಗುಡುತ್ತಿತ್ತು. ಮಳೆಗಾಲದ ಮುಂಬೈಯಲ್ಲಿ ಇದು ಮಾಮೂಲು. ತಣ್ಣಗಿರುವ ಮರಿಗೆ ಮೊದಲು ಹಾಲು ಕುಡಿಸಬಾರದು, ಮೈ ಬೆಚ್ಚಗಾದ ಮೇಲೆಯೇ ಕುಡಿಸಬೇಕು ಎಂದು ತಂಡದವರು ನನಗೆ ಹಿಂದೆಯೇ ಕಲಿಸಿದ್ದರು. ಬಿಸಿನೀರಿನ ಬಾಟಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿಟ್ಟು ಪಕ್ಕದಲ್ಲಿ ಮಲಗಿಸಿದೆ. ಮರುದಿನ ವೈದ್ಯರು ಚಿಮುಟದಿಂದ ಒಂದೊಂದೇ ಹುಳು ಹೆಕ್ಕಿದರು. ನಲವತ್ತರವರೆಗೆ ಎಣಿಸಿ ಬಿಟ್ಟೆ. ನಾಯಿಮರಿಗಳಿಗೆಂದೇ ಬರುವ ಹಾಲಿನ ಪುಡಿಯನ್ನು ಕಲಸಿ ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಕುಡಿಸುವ ಸರದಿಯಲ್ಲಿ ಬೆಳಗಿನ ಜಾವದ ಪಾಳಿ ಅತ್ತೆಯವರದು. ಮಾವ ಹೋದ ಮೇಲೆ ದಿನಕ್ಕೆ ನಾಲ್ಕು ಮಾತನ್ನೂ ಆಡದಿದ್ದವರು, ಆ ಮರಿಯ ಜೊತೆ ಕತ್ತಲಲ್ಲಿ ಕುಳಿತು ತಮ್ಮ ತವರಿನ ಕೊಟ್ಟಿಗೆಯ ಸುದ್ದಿ ಹೇಳುತ್ತಿದ್ದರು. ನಾನು ಕೋಣೆಯಿಂದ ಕೇಳಿಸಿಕೊಳ್ಳುತ್ತಾ ಮಲಗಿರುತ್ತಿದ್ದೆ. ಫಾಸ್ಟರಿಂಗಿನಿಂದ ನಿಮಗೇನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ದನಿ.

ನಾಯಿ ಕಚ್ಚಿದ ಮಗುವಿನ ತಾಯಿಯ ಸಿಟ್ಟು ನ್ಯಾಯವಾದದ್ದೇ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆನ್ನುವಷ್ಟು ಅಪರೂಪ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿಯ ನಾಯಿಗಳನ್ನೆಲ್ಲ ಆಶ್ರಯಧಾಮಕ್ಕೆ ಸೇರಿಸಲು ಹೇಳಿ, 22ರಂದು ಅದನ್ನು ಸಡಿಲಿಸಿತು. ನವೆಂಬರಿನಲ್ಲಿ, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಹಿಡಿದವನ್ನು ಮತ್ತೆ ಅಲ್ಲಿಗೇ ಬಿಡಕೂಡದೆಂದು ಆದೇಶಿಸಿತು. ‘ಇಡುವುದೆಲ್ಲಿ’ ಎಂಬ ಹಳೆಯ ಪ್ರಶ್ನೆ ಈಗ ಎಲ್ಲ ಊರುಗಳ ಬಾಗಿಲಿಗೂ ಬಂದಿದೆ. ಅಂಥ ಜಾಗಗಳಲ್ಲಿ ಬೆಳೆದ ಸಾಧುನಾಯಿಗಳಿಗೆ ಮನೆ ಹುಡುಕುವ ಭಾರವೂ ರಕ್ಷಣಾ ತಂಡಗಳ ಮೇಲೆ ಬೀಳುತ್ತದೆ. ಹಣಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಾದ್ದು ಕದ ತೆರೆಯುವ ಮನೆಗಳು. ‘ನಮ್ಮ ಸೊಸೈಟಿ ಬಿಡುವುದಿಲ್ಲ’ ಎಂದು ಹಿಂಜರಿಯುವವರು ಒಂದು ವಿಷಯ ತಿಳಿದಿರಲಿ: ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳಬಾರದೆಂದು ಯಾವ ಸೊಸೈಟಿಯೂ ಉಪನಿಯಮ ಮಾಡುವಂತಿಲ್ಲ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಕಾಳಿ ನಮ್ಮಲ್ಲಿ ಎರಡೂವರೆ ತಿಂಗಳಿದ್ದಳು. ಮುಲುಂಡಿನ ಗುಜರಾತಿ ಕುಟುಂಬವೊಂದು ಅವಳನ್ನು ಒಪ್ಪಿಕೊಂಡಿತು. ತಂಡದವರು ಅವರ ಮನೆಗೆ ಹೋಗಿ, ಕಿಟಕಿಗೆ ಜಾಲರಿ ಇದೆಯೇ, ಮನೆಮಂದಿಗೆಲ್ಲ ಒಪ್ಪಿಗೆಯಿದೆಯೇ ಎಂದು ನೋಡಿ ಬಂದ ಮೇಲೆಯೇ ಕಾಗದಕ್ಕೆ ಸಹಿ. ಕಳಿಸುವ ಬೆಳಿಗ್ಗೆ ನಮ್ಮ ಮನೆ ಹೆಣ್ಣು ಒಪ್ಪಿಸುವ ಮನೆಯಂತಿತ್ತು. ಅವಳಿಗೆ ಗೊತ್ತಿದ್ದದ್ದು ಕನ್ನಡ ಮಾತ್ರ. ‘ಬಾ’, ‘ಕೂರು’, ‘ಬೇಡ’, ‘ಸಾಕು’ ಎಂಬ ನಾಲ್ಕು ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಅರ್ಥ ಸೇರಿಸಿ, ಲಸಿಕೆಯ ಪುಸ್ತಕದೊಳಗೆ ಇಟ್ಟುಕೊಟ್ಟೆ. ರಾತ್ರಿ ಆ ಮನೆಯ ಹುಡುಗಿ ಫೋನ್ ಮಾಡಿದಳು: “ಆಂಟಿ, ಕಾಳಿ ಊಟ ಮಾಡಿದ್ದಾಳೆ. ಅಜ್ಜಿ ಅವಳಿಗೆ ರಾತ್ರಿ ಏನು ಹೇಳಿ ಮಲಗಿಸುತ್ತಿದ್ದರು?” ನಾನು ಫೋನನ್ನು ಅತ್ತೆಯವರ ಕೈಗೆ ಕೊಟ್ಟೆ. ಅವರು ಎದ್ದು ಬಾಲ್ಕನಿಗೆ ಹೋಗಿ, ಖಾಲಿ ಹಾಸಿಗೆಯ ಪಕ್ಕ ಕುಳಿತು, ಫೋನನ್ನು ಮರಿಯ ಕಿವಿಗೆ ಹಿಡಿಯುವಂತೆ ಹುಡುಗಿಗೆ ಹೇಳಿದರು.